ಕೀಲಿ ಯಾರ ಕೈಯಾಗದ

ಮೂವತ್ತೆಂಟು ವಾಕ್ಯ ಹೊತ್ತುಕೊಂಡು
ಶಹಾಬಾದಿನಲ್ಲಿ ಬಸ್ಸು ಇಳಿದಾಗ ಒಂಬತ್ತು.
ಬಿಸಿಲು ಆಗಲೇ ಪರ್ಸಿ ಕಲ್ಲಿನ ರಾಶಿ ಏರಿ ಕೂತಿತ್ತು.

ಅಳೆಯಬೇಕಾದದ್ದು ನೆರೆಹೊರೆಯ ನಂಬಿಕೆ.
ಕಟ್ಟಿಮನಿ ಸರ್ ಹೇಳಿದ್ದರು:
"ಕಾಣದ್ದನ್ನ ನೇರ ಅಳೀಲಿಕ್ಕೆ ಬರಂಗಿಲ್ಲ,
ಅದರ ಹೆಜ್ಜಿ ಗುರುತು ಅಳೀಬೇಕು."
ಹಾಗಾಗಿ ಮೂವತ್ತೆಂಟು ಹೆಜ್ಜೆ,
ಒಂದೊಂದಕ್ಕೂ ಐದೈದು ಮನೆ.
ಈ ತುದಿಗೆ 'ಪೂರ್ತಿ ಒಪ್ಪುತ್ತೇನೆ',
ಆ ತುದಿಗೆ 'ಸ್ವಲ್ಪವೂ ಒಪ್ಪುವುದಿಲ್ಲ',
ನಡುವೆ, ಎಲ್ಲರೂ ನೆರಳಿಗೆಂದು ಬಂದು ನಿಲ್ಲುವ
'ಹೇಳಲಾರೆ'.

ಮೊದಲನೆಯದು ನಾನೇ ಬರೆದದ್ದು, ನಾಕು ಸಲ ತಿದ್ದಿದ್ದು,
ಐವರು ತಜ್ಞರು ಟಿಕ್ಕು ಹಾಕಿದ್ದು:
ನನ್ನ ನೆರೆಯವರ ಮೇಲೆ ನನಗೆ ವಿಶ್ವಾಸವಿದೆ.
ಸಾಬಮ್ಮ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.
"ಅದ."
ಪೂರ್ತಿನೋ, ಜರಾನೋ?
"ಪೂರ್ತಿ. ಓಣಿ ಮಂದಿ ಮ್ಯಾಲೆಲ್ಲ ಅದ.
ಬಾಜು ಮನಿ ಮೈದುನನ ಮ್ಯಾಲಂತೂ ಭಾಳ ಅದ."
ಐದಕ್ಕೆ ಸುತ್ತು ಹಾಕಿದೆ. ಪೆನ್ನು ಎತ್ತುವಷ್ಟರಲ್ಲಿ
ರೊಟ್ಟಿ ಹೊರಳಿಸಿ ಅಂದಳು:
"ವಿಶ್ವಾಸ ಅದವ್ವಾ. ನಂಬಿಗಿ ಇಲ್ಲ."

ಹಂಚಿನ ಮೇಲೆ ರೊಟ್ಟಿ ಉಬ್ಬಿತು.

"ಮೈದುನ ಬಂದ್ರ ಬಿಸಿ ರೊಟ್ಟಿ ಹಾಕ್ತೀನಿ,
ಶೇಂಗಾ ಹಿಂಡಿ ಹಾಕ್ತೀನಿ, ಇನ್ನೊಂದು ಉಣ್ಣೋ ಅಂತೀನಿ.
ಮನಿ ಕೀಲಿ ಕೊಡಂಗಿಲ್ಲ.
ಕೀಲಿ ಮೈಬೂಬಬೀ ಕೈಯಾಗ.
ಆಕಿ ಕೂಡ ಮಾತು ಬಿಟ್ಟು ಮೂರು ತಿಂಗಳಾತು, ನಳದ ಜಗಳ.
ಕೀಲಿ ಮಾತ್ರ ಆಕಿ ಕೈಯಾಗೇ."

ನಿಘಂಟಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಮಲಗಿದ್ದವು.
ಇಂಗ್ಲಿಷಿಗೆ ಹೊರಳಿಸಿ, ಬೇರೊಬ್ಬರ ಕೈಲಿ
ಮತ್ತೆ ಕನ್ನಡಕ್ಕೆ ಹೊರಳಿಸಿ ನೋಡಿದಾಗಲೂ
ವಾಕ್ಯದ ಕೂದಲು ಕೊಂಕಿರಲಿಲ್ಲ.
ಈ ಓಣಿಯಲ್ಲಿ ಮಾತ್ರ ಎರಡರ ನಡುವೆ
ಒಂದು ಬೀಗ ತೂಗುತ್ತಿತ್ತು.

ಅವಳ ಗಂಡ ಅಂಬಣ್ಣ ಖಣಿಯಲ್ಲಿ
ಗೆಣ್ಣಿನಿಂದ ಪರ್ಸಿ ಬಡಿದು, ಕಿವಿಗೊಟ್ಟು,
"ಇದರಾಗ ಸೀಳು ಅದ" ಅನ್ನುತ್ತಾನಂತೆ.
ಕಲ್ಲು ಇನ್ನೂ ಒಡೆದಿರುವುದಿಲ್ಲ.

ಇನ್ನೂರ ಹನ್ನೆರಡು ಜನ, ಎರಡು ಬೇಸಿಗೆ ತಿಂಗಳು.
ವಿಭಾಗದ ಕಂಪ್ಯೂಟರು ಗರಗರ ಅಂದು
ವಾಕ್ಯಗಳನ್ನು ಗುಂಪು ಗುಂಪಾಗಿ ಕೂಡಿಸಿತು.
ಒಂದನೆಯದು ಯಾವ ಗುಂಪಿಗೂ ಸೇರದೆ
ಮದುವೆ ಮನೆಗೆ ಕರೆಯದೆ ಬಂದವರಂತೆ ಬಾಗಿಲಲ್ಲಿ ನಿಂತಿತ್ತು.
"ತಗದು ಹಾಕ್ರಿ," ಅಂದರು ಸರ್.
ಅದರ ಜಾಗಕ್ಕೆ ಹೊಸದು ಬರೆದೆ:
ಊರಿಗೆ ಹೋಗುವಾಗ ಮನೆಯ ಕೀಲಿಯನ್ನು
ನೆರೆಯವರ ಕೈಗೆ ಕೊಟ್ಟು ಹೋಗುತ್ತೇನೆ.
ಮತ್ತೆ ಇನ್ನೂರು ಮನೆ, ಮತ್ತೆ ಕಂಪ್ಯೂಟರು.
ಉಳಿದ ಹತ್ತೊಂಬತ್ತು ವಾಕ್ಯ
ಒಂದಕ್ಕೊಂದು ಭುಜ ತಾಗಿಸಿ ನಿಂತವು.
ಅಳತೆಗೋಲಿನ ವಿಶ್ವಾಸಾರ್ಹತೆ: ಸೊನ್ನೆ ದಶಾಂಶ ಎಂಟು ನಾಲ್ಕು.
ಸರ್ ಚಹಾ ತರಿಸಿದರು.
ವಿಶ್ವಾಸ ಬಂತು. ನಂಬಿಗಿ
ಯಾಕೋ ಬರಲಿಲ್ಲ.

ಮೂರು ವಾರ ಬಿಟ್ಟು ಅದೇ ಜನ, ಅದೇ ಪ್ರಶ್ನೆ, ಅದೇ ಉತ್ತರ ಬರಬೇಕು.
ಸಾಬಮ್ಮನ ಕಟ್ಟೆಯ ಮೇಲೆ ಕೂತು ಓದಿದೆ.
ಹೋದ ಸಲ ಕೀಲಿಗೆ ಐದು ಕೊಟ್ಟವಳು ಈಗ
"ಇಲ್ಲ," ಅಂದಳು, "ಸ್ವಲ್ಪವೂ ಇಲ್ಲ ಅಂತ ಬರಿ.
ಮೈಬೂಬಬೀ ಮಗನ ಕೂಡ ವಾಡಿಗೆ ಹೋದಳು.
ಹೋಗೋ ಮುಂದ ಕೀಲಿ ತಂದು ಕಟ್ಟಿ ಮ್ಯಾಲ ಇಟ್ಟಳು.
ಆಗೂ ಮಾತಾಡಲಿಲ್ಲ ಮುದುಕಿ."
ಕೀಲಿ ಅವಳ ಸೊಂಟದಲ್ಲಿತ್ತು.

ಐದಿದ್ದದ್ದು ಒಂದು.
ಕೋಲು ಅಲುಗಿತೋ, ಓಣಿಯೇ ಅಲುಗಿತೋ,
ಸಂಖ್ಯೆಗೆ ಎರಡೂ ಒಂದೇ. ಅದರ ಹೆಸರು ದೋಷ.

ಹಾಳೆ ಮಡಚುತ್ತಿದ್ದೆ.
"ನಿನ್ನ ಕೀಲಿ ಯಾರ ಕೈಯಾಗದವ್ವಾ?"
ಕಲಬುರಗಿಯ ಹಾಸ್ಟೆಲ್ಲು, ಮೂರು ವರ್ಷ, ಇಬ್ಬರು ಜೊತೆಗಾತಿಯರು,
ನನ್ನ ಟ್ರಂಕಿಗೆ ನಂಬರಿನ ಬೀಗ.
ಈ ತುದಿ ನೋಡಿದೆ, ಆ ತುದಿ ನೋಡಿದೆ,
ಬಂದು ನಿಂತದ್ದು ನಡುವಿನ ನೆರಳಿಗೆ.

"ಬರಕೋ ಹಂಗಾರ," ಅಂದಳು ಸಾಬಮ್ಮ,
ಹಿಟ್ಟಿನ ಕೈ ಸೆರಗಿಗೆ ಒರಸುತ್ತ.